ಮೊಣಕೈಯ ಉಸಿರು

ಬಾಯಿಂದ ಊದದೆಯೇ ನುಡಿಯುವ ಗಾಳಿವಾದ್ಯವೊಂದು ಐರ್ಲೆಂಡಿನಲ್ಲಿದೆ. ಇಲ್ಲಿನ್ ಪೈಪ್ ಎನ್ನುತ್ತಾರೆ. ಐರಿಷ್ ನುಡಿಯ ಆ ಹೆಸರಲ್ಲೇ ಮೊಣಕೈ ಇದೆ. ನುಡಿಸುವವರು ಕುರ್ಚಿಯಲ್ಲಿ ಕೂತು, ಕಮ್ಮಾರನ ತಿದಿಯ ಮರಿಯಂಥದ್ದೊಂದನ್ನು ತೋಳಿಗೆ ಬಿಗಿದುಕೊಂಡು ಮೊಣಕೈಯಲ್ಲಿ ಒತ್ತುತ್ತ ಹೋಗುತ್ತಾರೆ. ಗಾಳಿ ಇನ್ನೊಂದು ಕಂಕುಳಿನ ಚೀಲ ಸೇರಿ, ಅಲ್ಲಿಂದ ಕೊಳವೆಗಳಿಗೆ ಹರಿಯುತ್ತದೆ. ಬೆರಳುಗಳು ಧಾಟಿ ಹಿಡಿದರೆ, ತೊಡೆಯ ಮೇಲೆ ಒರಗಿದ ಮೂರು ಕೊಳವೆಗಳು ನಮ್ಮ ತಂಬೂರಿಯ ಹಾಗೆ ಶ್ರುತಿ ಹಿಡಿದು ಕೂರುತ್ತವೆ. ಅದು ಸಾಲದೆಂದು ಮಣಿಕಟ್ಟಿನಿಂದ ಒತ್ತುವ ಕೀಲಿಗಳು ಬೇರೆ. ಕಲಿಯಲು ಏಳು ವರ್ಷ, ಸಾಧನೆಗೆ ಏಳು, ನುಡಿಸುತ್ತ ಏಳು, ಒಟ್ಟು 21 ವರ್ಷ ಕಳೆದರೆ ಒಬ್ಬ ಪೈಪುಗಾರ ತಯಾರು ಎಂದು ಅಲ್ಲಿಯವರ ಮಾತು. ಇಷ್ಟೆಲ್ಲ ಕಷ್ಟದ ನಡುವೆ ಒಂದು ಅನುಕೂಲವೂ ಉಂಟು. ಬಾಯಿ ಬಿಡುವಾಗಿರುತ್ತದೆ.

ಪ್ಯಾಡಿ ಮೊಲೋನಿ ಆ ಬಿಡುವನ್ನು ಚೆನ್ನಾಗಿ ಬಳಸಿಕೊಂಡವರು. ಅವರ 'ದಿ ಚೀಫ್ಟನ್ಸ್' ತಂಡದ ಕಛೇರಿಗಳಲ್ಲಿ ಸಂಗೀತದಷ್ಟೇ ಮಾತು, ಚೇಷ್ಟೆ, ಕಾಲೆಳೆಯುವಿಕೆ ಇರುತ್ತಿತ್ತು. ಕುಳ್ಳ ಮನುಷ್ಯ, ಕಣ್ಣಲ್ಲಿ ತುಂಟತನ. 1938ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಅವರಿಗೆ ಆರನೆಯ ವಯಸ್ಸಿಗೆ ತಾಯಿ ತಗಡಿನ ಕೊಳಲೊಂದನ್ನು ಕೊಡಿಸಿದ್ದರಂತೆ. ಪೈಪನ್ನು ಕಲಿತದ್ದು ಲಿಯೋ ರೌಸಮ್ ಎಂಬ ದೊಡ್ಡ ಪೈಪುಗಾರರ ಬಳಿ. 1962ರಲ್ಲಿ ತಂಡ ಕಟ್ಟಿದರು ನಿಜ, ಆದರೆ ಹೊಟ್ಟೆಪಾಡು ಬೇರೆ ನಡೆಯಬೇಕಲ್ಲ. ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರಲ್ಲಿ ಮೊಲೋನಿ ಲೆಕ್ಕ ಬರೆಯುತ್ತಿದ್ದರು. ಹಗಲು ಆ ಕಚೇರಿ, ಸಂಜೆ ಈ ಕಛೇರಿ. ಎಲ್ಲರೂ ನೌಕರಿ ಬಿಟ್ಟು ಸಂಗೀತವನ್ನೇ ನಂಬಿ ನಿಂತದ್ದು 1975ರಲ್ಲಿ; ಅಂದರೆ 13 ವರ್ಷ ಅವರು ಸಂಜೆಯ ಸಂಗೀತಗಾರರು. ನಮ್ಮಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರಿನಿಂದ ಎದ್ದು ರಾಮೋತ್ಸವದ ಪೆಂಡಾಲಿಗೆ ಓಡುತ್ತಿದ್ದ ಪಕ್ಕವಾದ್ಯದವರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಳೆದ ವಾರ ಮೂರು ರಾತ್ರಿ ನಾನು ಈ ತಂಡದ ಒಂದೇ ಕಛೇರಿಯ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿದೆ. 'ಆ್ಯನ್ ಐರಿಷ್ ಈವ್ನಿಂಗ್' ಎಂದು ಅದರ ಹೆಸರು. 1991ರ ಜುಲೈನಲ್ಲಿ ಬೆಲ್‌ಫಾಸ್ಟ್‌ನ ಗ್ರ್ಯಾಂಡ್ ಒಪೆರಾ ಹೌಸ್‌ನಲ್ಲಿ ನಡೆದದ್ದು. 1895ರಲ್ಲಿ ಬಾಗಿಲು ತೆರೆದ ಆ ರಂಗಮಂದಿರದ ಒಳಗನ್ನು ಒಮ್ಮೆ ಚಿತ್ರದಲ್ಲಾದರೂ ನೋಡಬೇಕು. ಪ್ರೇಕ್ಷಕರ ಬಾಕ್ಸ್‌ಗಳ ಮಗ್ಗುಲಲ್ಲಿ ಚಿನ್ನದ ಬಣ್ಣದ ಆನೆಮುಖಗಳು! ಪೂರ್ವದೇಶ ಎಂದರೆ ಹೀಗಿರಬೇಕೆಂದು ವಿಕ್ಟೋರಿಯಾ ಕಾಲದ ವಾಸ್ತುಶಿಲ್ಪಿಯೊಬ್ಬ ಕಂಡ ಕನಸು. ಹೊರಗಿನ ಬೀದಿ ಮಾತ್ರ ಕನಸಿನ ಹಾಗಿರಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಆಗ ಬಾಂಬು, ಗುಂಡು, ಸೇನೆಯ ತಪಾಸಣೆಗಳು ನಿತ್ಯದ ಮಾತು. ಈ ಕಛೇರಿ ಮುಗಿದು ಐದೇ ತಿಂಗಳಿಗೆ, ಅದೇ ಡಿಸೆಂಬರಿನಲ್ಲಿ, ಹತ್ತಿರ ಸಿಡಿದ ಬಾಂಬಿಗೆ ಮಂದಿರ ಜಖಂಗೊಂಡಿತು; 1993ರಲ್ಲಿ ಮತ್ತೊಮ್ಮೆ.

ಆ ಸಂಜೆಯ ಅತಿಥಿಗಳು ಇಬ್ಬರು. ಒಬ್ಬರು ರೋಜರ್ ಡಾಲ್ಟ್ರಿ, ಲಂಡನ್ನಿನ 'ದಿ ಹೂ' ಎಂಬ ರಾಕ್ ತಂಡದ ಗಾಯಕ. ವೇದಿಕೆಯ ಮೇಲೆ ಗಿಟಾರ್ ಒಡೆದು ಪುಡಿ ಮಾಡುತ್ತಿದ್ದ ತಂಡ ಅದು (ಒಡೆಯುತ್ತಿದ್ದದ್ದು ಇವರಲ್ಲ, ಇವರ ಗೆಳೆಯ, ಆದರೂ). ಇನ್ನೊಬ್ಬರು ಅಮೆರಿಕದ ಟೆಕ್ಸಸ್‌ನ ನ್ಯಾನ್ಸಿ ಗ್ರಿಫಿತ್, ಹಳ್ಳಿಗಾಡಿನ ಕಂಟ್ರಿ ಸಂಗೀತದ ಧ್ವನಿ. ಕುಣಿಯಲು ನ್ಯೂಯಾರ್ಕಿನಲ್ಲಿ ಹುಟ್ಟಿದ ಜೀನ್ ಬಟ್ಲರ್ ಎಂಬ ಹುಡುಗಿ. ಮೂರು ವರ್ಷದ ನಂತರ, 1994ರ ಏಪ್ರಿಲ್ 30ರಂದು ಡಬ್ಲಿನ್‌ನ ಯೂರೋವಿಷನ್ ಸ್ಪರ್ಧೆಯ ಬಿಡುವಿನಲ್ಲಿ 'ರಿವರ್‌ಡಾನ್ಸ್' ಎಂಬ ಏಳು ನಿಮಿಷದ ಕುಣಿತ ಯೂರೋಪನ್ನೆಲ್ಲ ಬೆರಗುಗೊಳಿಸಿತಲ್ಲ, ಅದರಲ್ಲಿ ಮುಂದೆ ನಿಂತವಳು ಈಕೆಯೇ. ಜೊತೆಗೆ ಕುಣಿದ ಮೈಕಲ್ ಫ್ಲ್ಯಾಟ್ಲಿ ಷಿಕಾಗೋದವರು, ಅವರೂ ಚೀಫ್ಟನ್ಸ್ ಜೊತೆ ಊರೂರು ತಿರುಗಿದವರೇ. ಐರ್ಲೆಂಡಿನ ಕುಣಿತವನ್ನು ಜಗತ್ತಿಗೆ ತೋರಿಸಿದ ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರು.

ಹೀಗೆ ಪಟ್ಟಿ ಓದಿದರೆ ನನಗೂ ಅನುಮಾನ ಬರುತ್ತಿತ್ತು. ಜಾನಪದ ತಂಡವೊಂದು ರಾಕ್ ಗಾಯಕನನ್ನು ಕರೆದು ಕೂರಿಸಿಕೊಂಡಿದೆ ಎಂದರೆ, ನಮ್ಮ ಬೆಂಗಳೂರಿನ ಫ್ಯೂಷನ್ ಕಾರ್ಯಕ್ರಮಗಳು ಕಣ್ಣ ಮುಂದೆ ಬರುತ್ತವೆ. ಡ್ರಮ್ ಸೆಟ್ಟಿನವರು ತಮ್ಮ ಪಾಡಿಗೆ ಬಾರಿಸುತ್ತಾರೆ, ವೀಣೆಯವರು ತಮ್ಮ ಪಾಡಿಗೆ ಮೀಟುತ್ತಾರೆ, ನಡುವೆ ನಗುನಗುತ್ತ ಒಬ್ಬರನ್ನೊಬ್ಬರು ನೋಡುತ್ತಾರೆ. ಕೇಳುವುದಿಲ್ಲ, ನೋಡುತ್ತಾರೆ. ಕೊನೆಗೆ ಇಬ್ಬರೂ ಒಟ್ಟಿಗೆ ಜೋರು ಮಾಡಿ ಮುಗಿಸಿದರೆ ಚಪ್ಪಾಳೆ. ತಾಂಬೂಲಕ್ಕೆ ಸುಣ್ಣ ಅಡಿಕೆ ಎಲ್ಲ ತಂದವರು ಜಗಿಯುವುದನ್ನು ಮರೆತ ಹಾಗೆ.

ಬೆಲ್‌ಫಾಸ್ಟ್‌ನಲ್ಲಿ ಆದದ್ದು ಬೇರೆ. ಡಾಲ್ಟ್ರಿ 'ರ‍್ಯಾಗ್ಲನ್ ರೋಡ್' ಹಾಡುತ್ತಾರೆ. ಡಬ್ಲಿನ್‌ನ ಒಂದು ಬೀದಿಯ ಹೆಸರು ಅದು. ಕವಿತೆ ಪ್ಯಾಟ್ರಿಕ್ ಕವನಾ ಅವರದು, ಧಾಟಿ ಅವರಿಗಿಂತ ಬಹಳ ಹಳೆಯದು. ಕವನಾ ಅದನ್ನು ಡಬ್ಲಿನ್‌ನ ಒಂದು ಪಬ್ಬಿನಲ್ಲಿ ಗಾಯಕ ಲ್ಯೂಕ್ ಕೆಲ್ಲಿಯ ಕೈಗೆ ಒಪ್ಪಿಸಿದರೆಂಬ ಕತೆ ಅಲ್ಲಿ ಮನೆಮಾತು. ಕೆಲ್ಲಿ ಹಾಡಿದ ಮೇಲೆ ಇನ್ನೊಬ್ಬರು ಅದನ್ನು ಮುಟ್ಟುವುದು ಎಂದರೆ, ಅಶ್ವತ್ಥ್ ಹಾಡಿದ ಶರೀಫರ ಪದವನ್ನು ಮತ್ತೊಬ್ಬರು ಎತ್ತಿಕೊಂಡ ಹಾಗೆ. ಡಾಲ್ಟ್ರಿ ಐರಿಷ್ ಉಚ್ಚಾರದ ಅಣಕಕ್ಕೆ ಹೋಗುವುದಿಲ್ಲ. ತಮ್ಮ ಲಂಡನ್ ಗಂಟಲಲ್ಲೇ, ಸ್ವಲ್ಪ ಒರಟಾಗಿ ಹಾಡುತ್ತಾರೆ. ಪೈಪು, ಹಾರ್ಪು, ಪಿಟೀಲುಗಳು ಅವರ ಪಕ್ಕಕ್ಕೆ ಸರಿದು ಕೂರುತ್ತವೆ. ಆಮೇಲೆ ಅವರದೇ ತಂಡದ 1971ರ ರಾಕ್ ಹಾಡು 'ಬಿಹೈಂಡ್ ಬ್ಲೂ ಐಸ್' ಬರುತ್ತದೆ. ಈಗ ಸರದಿ ತಿರುಗಿದೆ, ಚೀಫ್ಟನ್ಸ್ ಅತಿಥಿಗಳು. ಹಾರ್ಪನ್ನು ಗಿಟಾರಿನಂತೆ ನುಡಿಸುವ ಹಟ ಇಲ್ಲ, ಕೊಳಲು ಕೊಳಲಾಗಿಯೇ ಇರುತ್ತದೆ. ಆ ಹಾಡಿನೊಳಗೆ ಹಳೆಯ ಕತೆಹಾಡಿನ ನೋವೊಂದು ಇತ್ತೆಂಬುದು ಆಗ ಮಾತ್ರ ತಿಳಿಯುತ್ತದೆ. ನ್ಯಾನ್ಸಿ ಗ್ರಿಫಿತ್ 'ರೆಡ್ ಈಸ್ ದಿ ರೋಸ್' ಹಾಡುವಾಗಲೂ ಟೆಕ್ಸಸ್ಸಿನ ಎಳೆತ ಹಾಗೇ ಉಳಿದಿದೆ, ಯಾರಿಗೂ ಅದು ಅಡ್ಡಿಯಾಗಿಲ್ಲ. ಆಕೆ ಮತ್ತು ಮೊಲೋನಿ ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 2021ರಲ್ಲಿ, ಎರಡು ತಿಂಗಳ ಅಂತರದಲ್ಲಿ. ಧ್ವನಿಮುದ್ರಿಕೆಯಲ್ಲಿ ಇಬ್ಬರೂ ನಗುತ್ತಲೇ ಇದ್ದಾರೆ.

ಇದು ಹೇಗೆ ಸಾಧ್ಯವಾಯಿತು ಎಂದು ಯೋಚಿಸುತ್ತ ನಾನು ಹೋಗಿ ನಿಂತದ್ದು ಆ ಸಂಗೀತದ ಕಟ್ಟಡದ ಮುಂದೆ. ಐರಿಷ್ ಕುಣಿತದ ಧಾಟಿ ಬಹಳ ಚಿಕ್ಕದು. ಎಂಟು ಆವರ್ತದ ಒಂದು ಭಾಗ, ಅದನ್ನು ಎರಡು ಸಲ ನುಡಿಸಬೇಕು. ಎಂಟು ಆವರ್ತದ ಇನ್ನೊಂದು ಭಾಗ, ಅದೂ ಎರಡು ಸಲ. ಒಟ್ಟು 32. ಇಡೀ ಧಾಟಿ ಮುಗಿಯಲು ಒಂದು ನಿಮಿಷವೂ ಬೇಡ. ಎರಡು ಮೂರು ಸಲ ಅದನ್ನೇ ಸುತ್ತಿ, ಉಸಿರೂ ತೆಗೆದುಕೊಳ್ಳದೆ ಮತ್ತೊಂದು ಧಾಟಿಗೆ ಹಾರುತ್ತಾರೆ. ಹೆಚ್ಚಾಗಿ ಶ್ರುತಿಯೂ ಬದಲಾಗುವ ಆ ಹಾರುವ ಕ್ಷಣದಲ್ಲೇ ಸಭೆ "ಹೋ" ಎನ್ನುವುದು. ನಮ್ಮ ಹಾಗೆ ರಾಗವನ್ನು ಬಿಡಿಸುತ್ತ ಅರ್ಧ ಗಂಟೆ ಕೂರುವ ಪದ್ಧತಿ ಇಲ್ಲ. ಕಲ್ಪನೆಯೆಲ್ಲ ಚಿಕ್ಕ ಚಿಕ್ಕ ಗಮಕಗಳಲ್ಲಿ, ಒಂದು ಸ್ವರವನ್ನು ಸೀಳುವುದರಲ್ಲಿ, ಬಿಲ್ಲಿನ ಒಂದು ತಿರುವಿನಲ್ಲಿ. ಧಾಟಿ ಮಾತ್ರ ಅಲುಗುವುದಿಲ್ಲ.

ವೇದಿಕೆಯಿಂದ ಆಚೆ ಈ ಸಂಗೀತಕ್ಕೆ ಕೇಳುಗರು ಎಂಬವರೂ ಇಲ್ಲ ಎನ್ನಬಹುದು. ಪಬ್ಬಿನ ಮೂಲೆಯಲ್ಲಿ ಐದಾರು ಮಂದಿ ಮುಖಕ್ಕೆ ಮುಖ ಕೊಟ್ಟು ಸುತ್ತ ಕೂರುತ್ತಾರೆ, ಸಭಿಕರಿಗೆ ಬೆನ್ನು. 'ಸೆಷನ್' ಎನ್ನುತ್ತಾರೆ. ಯಾರೋ ಒಬ್ಬರು ಎತ್ತುಗಡೆ ಮಾಡಿದರೆ, ಗೊತ್ತಿದ್ದವರು ಸೇರಿಕೊಳ್ಳುವುದು, ಗೊತ್ತಿಲ್ಲದವರು ವಾದ್ಯವನ್ನು ತೊಡೆಯ ಮೇಲಿಟ್ಟು ಲೋಟ ಎತ್ತುವುದು. ನಮ್ಮ ಶನಿವಾರದ ಭಜನೆಯ ಶಿಸ್ತೇ, ಲೋಟದೊಳಗಿನದು ಬೇರೆ. ಧಾಟಿಗಳಿಗೆ ಒಡೆಯರಿಲ್ಲ, ಹೆಸರುಗಳೂ ವಿಚಿತ್ರ: 'ಬೆಟ್ಟದ ಮೇಲಿನ ಮೇಕೆಮರಿ', 'ಗರಿಗಳನ್ನು ಎರಚು'. ಒಂದೇ ಧಾಟಿಗೆ ಊರಿಗೊಂದು ಹೆಸರು. ಮೊಲೋನಿ ತಮ್ಮ ವೇದಿಕೆಗೆ ತಂದದ್ದು ಈ ಸುತ್ತನ್ನೇ ಎಂದು ನನಗನಿಸುತ್ತದೆ. ಸುತ್ತಿನಲ್ಲಿ ಹೊಸಬರೊಬ್ಬರು ವಿಚಿತ್ರ ವಾದ್ಯ ಹಿಡಿದು ಬಂದರೆ ಯಾರೂ ಎದ್ದು ಹೋಗುವುದಿಲ್ಲ, ಕುರ್ಚಿ ಎಳೆಯುತ್ತಾರೆ. ಆದರೆ ಬಂದವರಿಗಾಗಿ ಧಾಟಿಯನ್ನು ಬದಲಿಸುವುದೂ ಇಲ್ಲ. ಬಂದವರು ತಮ್ಮ ವಾದ್ಯದಲ್ಲಿ ಅದಕ್ಕೊಂದು ದಾರಿ ಹುಡುಕಿಕೊಳ್ಳಬೇಕು.

ಹಾಗೆ ಕುರ್ಚಿ ಎಳೆಸಿಕೊಂಡು ಕೂತವರ ಪಟ್ಟಿ ನೋಡಿ. ಐರಿಷ್ ಸಂಗೀತದ ಎದೆಬಡಿತ ಎನಿಸಿರುವ 'ರೀಲ್' ಎಂಬ ನಾಲ್ಕರ ನಡೆಯ ಕುಣಿತ ಸ್ಕಾಟ್‌ಲೆಂಡಿನಿಂದ ಬಂದದ್ದು. ಪಶ್ಚಿಮದ ಕೆರಿ ಸೀಮೆಯವರು ತಮ್ಮದೆಂದು ಎದೆ ತಟ್ಟುವ ಪೋಲ್ಕಾದ ತವರು ಬೊಹೀಮಿಯ. ಬ್ಯಾಂಜೊ ಹುಟ್ಟಿದ್ದು ಆಫ್ರಿಕಾದಿಂದ ಅಮೆರಿಕಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟವರ ಕೈಯಲ್ಲಿ. ಕ್ಲೇರ್ ಕೌಂಟಿಯ ಹೆಂಗಸರು ಅಡುಗೆಮನೆಯಲ್ಲಿ ನುಡಿಸುತ್ತಿದ್ದ ಕಾನ್ಸರ್ಟೀನಾ 19ನೇ ಶತಮಾನದ ಇಂಗ್ಲೆಂಡ್, ಜರ್ಮನಿಗಳ ಕೂಸು. ಲಂಡನ್ನಿನಲ್ಲಿ ಅದರ ಒಂದು ರೂಪವನ್ನು ಮಾಡಿದ ಚಾರ್ಲ್ಸ್ ವೀಟ್‌ಸ್ಟನ್ ಯಾರೆಂದರೆ, ಪಿಯುಸಿ ಭೌತಶಾಸ್ತ್ರದ ಲ್ಯಾಬಿನಲ್ಲಿ ನಮ್ಮನ್ನು ಕಾಡಿದ ವೀಟ್‌ಸ್ಟನ್ ಸೇತುವೆಯ ವೀಟ್‌ಸ್ಟನ್ನೇ. ಇನ್ನು ಬುಝೂಕಿ! ಗ್ರೀಸ್ ದೇಶದ ವಾದ್ಯ, ಬೆನ್ನು ನಮ್ಮ ತಂಬೂರಿಯಂತೆ ಉಬ್ಬು. 1960ರ ದಶಕದಲ್ಲಿ ಜಾನಿ ಮಾಯ್ನಿಹನ್ ಅದನ್ನು ಐರಿಷ್ ಸುತ್ತಿಗೆ ತಂದರು. ಡೋನಲ್ ಲನ್ನಿ ಬೆನ್ನು ಚಪ್ಪಟೆಯಾಗಿರುವುದೊಂದನ್ನು ಮಾಡಿಸಿಕೊಂಡರು. ಇವತ್ತು 'ಐರಿಷ್ ಬುಝೂಕಿ' ಎಂದೇ ಅಂಗಡಿಯಲ್ಲಿ ಸಿಗುತ್ತದೆ. ಬೌರಾನ್ ಎಂಬ ಆಡಿನ ಚರ್ಮದ ತಮಟೆಯಾದರೂ ನೆಲದ್ದೇ ಅಲ್ಲವೇ ಎಂದರೆ, ಹೌದು, ಆದರೆ ಹಬ್ಬಹರಿದಿನಕ್ಕೆ ಹೊರತೆಗೆಯುತ್ತಿದ್ದ ಅದನ್ನು ಕಛೇರಿಯ ವಾದ್ಯವನ್ನಾಗಿ ಮಾಡಿದ್ದು 1960ರ ಸುಮಾರಿಗೆ ಶಾನ್ ಓ ರಿಯಾಡ. ಬಂದ ತಾರೀಕು ಮರೆತುಹೋದದ್ದಕ್ಕೆಲ್ಲ ನಾವು ಸಂಪ್ರದಾಯ ಎನ್ನುತ್ತೇವೇನೋ.

ಓ ರಿಯಾಡ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಕತೆ ಕುಂಟುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಓದಿದ, ಜಾಝ್ ಪಿಯಾನೊ ನುಡಿಸಿದ ಮನುಷ್ಯ. 1959ರ 'ಮಿಶ ಏರ' ಚಿತ್ರಕ್ಕೆ ಹಳೆಯ ಧಾಟಿಗಳನ್ನು ಪೂರ್ಣ ವಾದ್ಯವೃಂದಕ್ಕೆ ಹೊಂದಿಸಿ, ಹಳ್ಳಿಯ ಹಾಡಿಗೆ ನಾಚುತ್ತಿದ್ದ ನಗರದ ಐರಿಷ್ ಜನ ತಲೆಯೆತ್ತುವಂತೆ ಮಾಡಿದರು. ಆಮೇಲೆ ಒಂದು ಪುಟ್ಟ ಮೇಳ ಕಟ್ಟಿದರು. ಒಬ್ಬರು ನುಡಿಸಿದಾಗ ಇನ್ನೊಬ್ಬರು ಸುಮ್ಮನಿರುವುದು, ಕೊಳಲು ಬಿಟ್ಟ ಕಡೆ ಪಿಟೀಲು ಹಿಡಿಯುವುದು, ಕೊನೆಗೆ ಎಲ್ಲರೂ ಕೂಡುವುದು, ಈ ವಿನ್ಯಾಸ ಅವರದು. ಹಳೆಯ ತಂತಿ ಹಾರ್ಪಿನ ನಾದ ಬೇಕೆಂದು ತಾವೇ ಹಾರ್ಪ್ಸಿಕಾರ್ಡ್ ಮುಂದೆ ಕೂತರು. ಪಬ್ಬಿನ ಸಂಗೀತಗಾರರಿಗೆ ಕಪ್ಪು ಸೂಟು ತೊಡಿಸಿ ರಂಗದ ಮೇಲೆ ಕೂರಿಸಿದರು. ಮೊಲೋನಿ ಬೆಳೆದದ್ದು ಆ ಮೇಳದಲ್ಲಿ. ಓ ರಿಯಾಡ 1971ರಲ್ಲಿ, ನಲವತ್ತಕ್ಕೇ ತೀರಿಕೊಂಡರು. ನಾಲ್ಕು ವರ್ಷದ ನಂತರ ಸ್ಟ್ಯಾನ್ಲಿ ಕುಬ್ರಿಕ್‌ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ ಅವರ ಒಂದು ಧಾಟಿಯನ್ನು ಚೀಫ್ಟನ್ಸ್ ನುಡಿಸಿದ್ದು ಜಗತ್ತಿಗೆಲ್ಲ ಕೇಳಿಸಿತು.

ಅದಕ್ಕೂ ಹಿಂದೆ ಹೋಗಬೇಕೆ? ಟರ್ಲಾಕ್ ಓ ಕ್ಯಾರೊಲನ್ ಎಂಬ ಹಾರ್ಪುಗಾರ 1670ರಲ್ಲಿ ಹುಟ್ಟಿದವನು. ಹದಿನೆಂಟಕ್ಕೆ ಸಿಡುಬಿನಿಂದ ಕಣ್ಣು ಹೋಯಿತು. ಕುದುರೆಯ ಮೇಲೆ ಒಬ್ಬ ಆಳಿನ ಜೊತೆ ಊರಿಂದೂರಿಗೆ ಹೋಗಿ, ಜಮೀನುದಾರರ ಮನೆಯಲ್ಲಿ ಉಂಡು, ಅವರ ಹೆಸರಲ್ಲಿ ಧಾಟಿ ಕಟ್ಟಿ ಬರುತ್ತಿದ್ದ. ಅದೇ ಮನೆಗಳಲ್ಲಿ ಕಿವಿಗೆ ಬಿದ್ದ ಇಟಲಿಯ ಸಂಗೀತ ಅವನ ಧಾಟಿಗಳಲ್ಲಿ ಇಣುಕುತ್ತದೆ. ಒಂದರ ಹೆಸರೇ 'ಕ್ಯಾರೊಲನ್‌ನ ಕಾನ್ಚೆರ್ಟೊ'. ಇನ್ನೂರೈವತ್ತು ವರ್ಷದ ನಂತರ ಗಾಲ್ವೆಯ 'ಡಿ ಡ್ಯಾನನ್' ತಂಡ ಹ್ಯಾಂಡೆಲ್‌ನ ಪ್ರಸಿದ್ಧ ಕೃತಿ 'ಶೇಬಾ ರಾಣಿಯ ಆಗಮನ'ವನ್ನು ರೀಲಿನಂತೆ ನುಡಿಸಿ, 'ಶೇಬಾ ರಾಣಿ ಗಾಲ್ವೆಗೆ ಬಂದದ್ದು' ಎಂದು ಹೆಸರಿಟ್ಟಿತು. ಹ್ಯಾಂಡೆಲ್ ತನ್ನ 'ಮೆಸಾಯ'ವನ್ನು ಮೊದಲ ಸಲ ಕೇಳಿಸಿದ್ದು 1742ರಲ್ಲಿ, ಡಬ್ಲಿನ್‌ನಲ್ಲಿ. ಹಳೆಯ ಸಾಲ, ಬಡ್ಡಿಸಮೇತ ಚುಕ್ತಾ.

ತಾಳದ ವಿಷಯಕ್ಕೆ ಬಂದಾಗ ನನಗೆ ಖುಷಿ ಜಾಸ್ತಿ. ಜಿಗ್ ಎಂದರೆ ಆರರ ನಡೆ, ತಿಶ್ರದ ಕುಲುಕು. ಸ್ಲಿಪ್ ಜಿಗ್ ಎಂದರೆ ಮೂರು ಮೂರರ ಮೂರು ಗೊಂಚಲು. ಆದರೆ ಏಳು ಅವರಲ್ಲಿ ಇರಲೇ ಇಲ್ಲ. ಆಂಡಿ ಅರ್ವಿನ್ ಎಂಬ ಗಾಯಕ 1968ರಲ್ಲಿ ಬಲ್ಗೇರಿಯಾ, ರೊಮೇನಿಯಾ, ಯುಗೊಸ್ಲಾವಿಯಾ ಅಲೆದು ಬಂದರು. ಬರುವಾಗ ಅಲ್ಲಿನ ಕುಣಿತಗಳ ಏಳು, ಒಂಬತ್ತು, ಹನ್ನೊಂದರ ಲೆಕ್ಕ ತಲೆಯಲ್ಲಿ ತುಂಬಿಕೊಂಡಿದ್ದರು. 1972ರಲ್ಲಿ ಶುರುವಾದ 'ಪ್ಲ್ಯಾಂಕ್ಸ್‌ಟಿ' ತಂಡದಲ್ಲಿ ಅವರೂ ಡೋನಲ್ ಲನ್ನಿಯೂ ಆ ಲೆಕ್ಕವನ್ನು ಐರಿಷ್ ಹಾಡಿನ ಬಾಲಕ್ಕೆ ಕಟ್ಟಿದರು. ನಾಲ್ಕಕ್ಕೂ ಆರಕ್ಕೂ ಒಗ್ಗಿದ ಕಾಲುಗಳು ತಡವರಿಸಿರಬೇಕು. ಮಿಶ್ರಛಾಪುವಿನಲ್ಲಿ ದೇವರನಾಮ ಕೇಳುತ್ತ ಬೆಳೆದ ನಮಗೆ, ಓ, ಇದೇನು ನಮ್ಮ ಮನೆಯ ಅಂಗಳದಲ್ಲೇ ನಡೆದ ಹಾಗಿದೆಯಲ್ಲ ಎನಿಸುತ್ತದೆ.

ಚೀಫ್ಟನ್ಸ್ ಮಾಡಿದ್ದೆಲ್ಲ ಚಿನ್ನ ಎಂದು ನಾನು ಹೇಳಲಾರೆ. 1995ರ 'ದಿ ಲಾಂಗ್ ಬ್ಲ್ಯಾಕ್ ವೇಲ್' ಆಲ್ಬಮ್‌ನಲ್ಲಿ ಸ್ಟಿಂಗ್, ಮಿಕ್ ಜ್ಯಾಗರ್, ಟಾಮ್ ಜೋನ್ಸ್ ಹೀಗೆ ತಾರೆಯರ ಸಾಲು. ರೋಲಿಂಗ್ ಸ್ಟೋನ್ಸ್ ತಂಡದವರ ಜೊತೆ 'ರಾಕಿ ರೋಡ್ ಟು ಡಬ್ಲಿನ್' ನುಡಿಸುವಾಗ, ನಡುವೆ ಅವರ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನ ಗಿಟಾರ್ ಪಲುಕು ತಟ್ಟನೆ ತಲೆ ಹಾಕಿ ಮಾಯವಾಗುತ್ತದೆ. ಅದು ಸೊಗಸಾದ ಕೀಟಲೆ. ಉಳಿದ ಕೆಲವು ಕಡೆ ಆರತಕ್ಷತೆಯ ವೇದಿಕೆ ನೆನಪಾಗುತ್ತದೆ. ಗಣ್ಯರು ಬರುತ್ತಾರೆ, ವಧೂವರರ ಪಕ್ಕ ನಿಲ್ಲುತ್ತಾರೆ, ಫೋಟೊ, ಮುಂದಿನವರು. ಊಟಕ್ಕೆ ಕೂತವರು ಯಾರೋ ಗೊತ್ತಾಗುವುದಿಲ್ಲ. ಬೆಲ್‌ಫಾಸ್ಟ್‌ನ ಸಂಜೆ ಹಾಗಾಗಲಿಲ್ಲ, ಯಾಕೆಂದರೆ ಅಲ್ಲಿ ಅತಿಥಿಗಳು ಇಬ್ಬರೇ, ಇಡೀ ಸಂಜೆ ಇದ್ದರು, ತಂಡದವರ ತಮಾಷೆಗೂ ಸಿಕ್ಕಿಕೊಂಡರು.

2010ರ 'ಸ್ಯಾನ್ ಪ್ಯಾಟ್ರಿಸಿಯೊ' ಮಾತ್ರ ನನ್ನ ಲೆಕ್ಕದಲ್ಲಿ ಮೇಲಿನ ಸಾಲಿನದು. ಅದರ ಹಿಂದಿನ ಕತೆ ಗೊತ್ತಿಲ್ಲದಿದ್ದರೆ ಐರಿಷ್ ಪೈಪಿಗೂ ಮೆಕ್ಸಿಕೋದ ಹಾಡಿಗೂ ಎತ್ತಣಿಂದೆತ್ತ ಸಂಬಂಧ ಎನ್ನುವಂತೆ ತೋರುತ್ತದೆ. 1846ರಿಂದ 48ರವರೆಗೆ ಅಮೆರಿಕ ಮೆಕ್ಸಿಕೋ ಮೇಲೆ ಯುದ್ಧ ಮಾಡಿತು. ಹೊಟ್ಟೆಪಾಡಿಗೆ ಅಮೆರಿಕದ ಸೇನೆ ಸೇರಿದ್ದ ಐರಿಷ್ ವಲಸಿಗರಲ್ಲಿ ಕೆಲವರು, ಎದುರಿಗಿರುವವರೂ ತಮ್ಮಂತೆಯೇ ಕ್ಯಾಥೊಲಿಕ್ ಬಡವರು ಎಂದು ಕಂಡು, ಗಾಲ್ವೆಯ ಜಾನ್ ರೈಲಿಯ ನಾಯಕತ್ವದಲ್ಲಿ ಆ ಕಡೆಗೆ ಹೋಗಿ ಮೆಕ್ಸಿಕೋ ಪರ ಕಾದಿದರು. ಸೋತಾಗ ಅಮೆರಿಕ ಅವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಅಮೆರಿಕಕ್ಕೆ ಅವರು ದ್ರೋಹಿಗಳು, ಮೆಕ್ಸಿಕೋದಲ್ಲಿ ಇವತ್ತಿಗೂ ಹುತಾತ್ಮರು. ಮೊಲೋನಿ ಗಿಟಾರ್‌ವಾದಕ ರೈ ಕೂಡರ್ ಜೊತೆ ಸೇರಿ ಆ ಸೈನಿಕರ ನೆನಪಿಗೆ ಎರಡೂ ದೇಶದ ಸಂಗೀತಗಾರರನ್ನು ಕೂಡಿಸಿದರು. ತೊಂಬತ್ತು ಮುಟ್ಟಿದ್ದ ಚಾವೆಲಾ ವರ್ಗಾಸ್ ಅದರಲ್ಲಿ ಹಾಡಿದ್ದಾರೆ, ಬಿರುಕುಬಿಟ್ಟ ಗೋಡೆಯಂಥ ದನಿಯಲ್ಲಿ. ಇಲ್ಲಿ ಬೆರಕೆಯನ್ನು ಸಂಗೀತಗಾರರು ಮಾಡಲಿಲ್ಲ. ಅದು 160 ವರ್ಷದ ಹಿಂದೆಯೇ ರಣರಂಗದಲ್ಲಿ ಆಗಿಹೋಗಿತ್ತು.

ಇದೇ ತಂಡ 1983ರಲ್ಲಿ ಚೀನಾದ ಮಹಾಗೋಡೆಯ ಮೇಲೂ ನುಡಿಸಿತು. ತಂಡದ ಹಾರ್ಪುಗಾರ ಡೆರೆಕ್ ಬೆಲ್ ಬೆಲ್‌ಫಾಸ್ಟ್‌ನವರೇ, ಶಾಸ್ತ್ರೀಯ ವಾದ್ಯವೃಂದದಿಂದ ಬಂದವರು. ಕೋಲಿನಿಂದ ಬಡಿದು ನುಡಿಸುವ, ನಮ್ಮ ಸಂತೂರಿನ ದೂರದ ನೆಂಟನಂಥ ವಾದ್ಯವೂ ಅವರ ಬಳಿ ಇರುತ್ತಿತ್ತು. ಚೀನಾದವರ ಬಳಿಯೂ ಅಂಥದೇ ಒಂದಿದೆ. ಮ್ಯಾಟ್ ಮೊಲಾಯ್ ಅವರ ಹಳೆಯ ಮರದ ಕೊಳಲಂತೂ ಗಗನಯಾತ್ರಿ ಕೇಡಿ ಕೋಲ್ಮನ್ ಜೊತೆ ಅಂತರಿಕ್ಷ ನಿಲ್ದಾಣಕ್ಕೇ ಹೋಯಿತು. 2011ರ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ, ಆಕೆ ಅಲ್ಲಿಂದಲೇ ನುಡಿಸಿ ಕಳಿಸಿದರು. ಮೊಲಾಯ್ ಅವರಿಗೆ ವೆಸ್ಟ್‌ಪೋರ್ಟ್ ಊರಲ್ಲಿ ಒಂದು ಪಬ್ ಇದೆ. ಅದರ ಹಿಂದಿನ ಕೋಣೆಯಲ್ಲಿ ಸೆಷನ್ ಕೂರುತ್ತದೆ.

ಐರ್ಲೆಂಡ್ ಎಂದರೆ ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ಜೇಮ್ಸ್ ಕಸಿನ್ಸ್. 1924ರಲ್ಲಿ ಮೈಸೂರಿಗೆ ಬಂದಿದ್ದ ಅವರ ಮುಂದೆ ಹುಡುಗ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನಿಟ್ಟದ್ದು, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಅವರು ಹೇಳಿದ್ದು ಶಾಲೆಯ ಪಾಠದಷ್ಟು ಪರಿಚಿತ. ಆ ಮಾತನ್ನು ಹೇಳಿದವರು ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು ಮತ್ತು ಸ್ವತಃ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ ಎಂಬುದರ ಮೇಲೆ ನಾವು ಹೆಚ್ಚು ನಿಲ್ಲುವುದಿಲ್ಲ. 1845ರಿಂದ ಏಳು ವರ್ಷದ ಬರದಲ್ಲಿ ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ಹಡಗು ಹತ್ತಿದ ನಾಡು ಅದು. ಐರಿಷ್ ನುಡಿ ಹೆಚ್ಚಾಗಿ ಉಳಿದಿದ್ದದ್ದು ಹಾಗೆ ಸತ್ತವರ, ಹೋದವರ ಬಾಯಲ್ಲಿ. ಭಾಷೆ ಕೈಜಾರಿದ ಊರಿನಿಂದ ಬಂದವರು ಇನ್ನೊಬ್ಬರ ಭಾಷೆಯ ಬೆಲೆ ಹೇಳಿದರು. ಧಾಟಿಗಳಿಗೆ ಮಾತಿನ ಹಂಗಿರಲಿಲ್ಲ. ಅವು ಹಡಗಿನಲ್ಲೂ ಬದುಕಿದವು. ಷಿಕಾಗೋ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಧಾಟಿಗಳನ್ನು ಪುಸ್ತಕ ಮಾಡಿ ಅಚ್ಚುಹಾಕಿಸಿದರು, ಬಹುಪಾಲು ವಲಸೆ ಬಂದವರಿಂದ ಕೇಳಿ ಕೇಳಿ.

ನಮ್ಮ ಕಡೆಗೂ ಅವು ಬಂದವು, ಬಂದೂಕಿನ ಬೆನ್ನಿಗೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಆಮೇಲೆ ಆ ಕೋಟೆಯ ಆಡಳಿತ ನಡೆಸಿದ ಆರ್ಥರ್ ವೆಲ್ಲೆಸ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವನು. ಅದೇ ಕಾಲಕ್ಕೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನವರು ಬಾರಿಸುತ್ತಿದ್ದ ಧಾಟಿಗಳು ಮುತ್ತುಸ್ವಾಮಿ ದೀಕ್ಷಿತರ ಕಿವಿಗೆ ಬಿದ್ದವು. ಅವರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತದ್ದು ಒಬ್ಬ ಯೂರೋಪಿಯನ್ನರಿಂದ. ಅಣ್ಣ ಆ ಪರದೇಶಿ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಹೊಂದಿಸಿ, ಶಂಕರಾಭರಣದ ಮನೆಯೊಳಗೆ ಕೂರಿಸಿ, ಸುಮಾರು 40 ನೊಟ್ಟುಸ್ವರಗಳನ್ನು ಮಾಡಿದರು. ಅವುಗಳಲ್ಲಿ 'ವಂದೇ ಮೀನಾಕ್ಷಿ' ಐರಿಷ್ ಧಾಟಿ.

ನಮ್ಮ ಮೇಲಿನ ಮನೆಯ ಹುಡುಗಿ ಈ ವರ್ಷ ಪಿಟೀಲಿಗೆ ಸೇರಿದ್ದಾಳೆ. ಸಂಜೆ ಆರಕ್ಕೆ ಶುರು. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ವಾದ್ಯದ ತುದಿಯನ್ನು ಕಾಲಿನ ಹರಡಿಗೆ ಆನಿಸಿಕೊಂಡು ನುಡಿಸುತ್ತಾಳೆ. ಬೆಲ್‌ಫಾಸ್ಟ್‌ನ ಪಿಟೀಲುಗಾರರು ಕಂಡರೆ ವಾದ್ಯ ತಲೆಕೆಳಗಾಯಿತೆಂದು ಹೌಹಾರಬಹುದು. ಮೊನ್ನೆ ನಾನು ಮೊಲೋನಿಯ ಪೈಪು ಕೇಳುತ್ತಿದ್ದಾಗ ಮೇಲಿನಿಂದ 'ವಂದೇ ಮೀನಾಕ್ಷಿ' ಇಳಿದುಬಂತು. ನಾನು ಫೋನಿನ ಸದ್ದು ಆರಿಸಿದೆ. ಮೊದಲ ಸಾಲು ಸರಾಗ, ಎರಡನೆಯದರ ತಿರುವಿನಲ್ಲಿ ಬಿಲ್ಲು ಜಾರಿತು.

"ತಾಳ ಓಡ್ತಾ ಇದೆ ಪುಟ್ಟಿ, ಮೊದಲಿಂದ ನುಡಿಸು" ಎಂದು ಅಡುಗೆಮನೆಯಿಂದ ಅವಳ ಅಮ್ಮನ ದನಿ.

ಒಂದು ನಿಮಿಷ ಮೌನ. ಕಾಲಲ್ಲಿ ತಾಳ ಹಾಕುವ ಸದ್ದು ನಮ್ಮ ತಾರಸಿಯ ಮೂಲಕ ಕೇಳಿಸಿತು. ಆಮೇಲೆ ಮೊದಲಿಂದ.